ಕಾಟಿಗೆ ಬಾಯಿಕುಕ್ಕೆ ಕಟ್ಟುವವರು ಯಾರು?



ಕಾಡಂಚಿನ ಸಂಘವೊಂದರ ಸಭೆಯಲ್ಲಿ ಹಸುಗಳು ಬಿಡುವ ಮೀಥೇನ್ ಅನಿಲದ ಬಗ್ಗೆ ಹೇಳುತ್ತಿದ್ದೆ. ಹಿರಿಯರೊಬ್ಬರು ಎದ್ದರು. "ಡಾಕ್ಟ್ರೇ, ನನ್ನ ಎರಡು ಹಸು ತೇಗಿದ್ರೆ ಭೂಮಿ ಬಿಸಿಯಾಗುತ್ತೆ ಅಂತೀರಿ. ರಾತ್ರಿ ನನ್ನ ಜೋಳ ಮೇಯ್ದು ಹೋದ ಕಾಟಿ ತೇಗೋದಿಲ್ವಾ? ಮೊದಲು ಅದಕ್ಕೆ ಬಾಯಿಕುಕ್ಕೆ ಕಟ್ಟಿ ಬನ್ನಿ!" ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ.

ಅವರ ಮಾತು ಸುಳ್ಳಲ್ಲ. ಕಾಟಿ, ಜಿಂಕೆ, ಕಡವೆ ಎಲ್ಲವೂ ಮೆಲುಕು ಹಾಕುವ ಪ್ರಾಣಿಗಳೇ. ಹೊಟ್ಟೆಯ ಮೊದಲ ಚೀಲದಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸುವಾಗ ಮೀಥೇನ್ ಹುಟ್ಟುತ್ತದೆ. ಅದು ಬಹುಪಾಲು ಹೊರಬರುವುದು ಹಿಂದಿನಿಂದಲ್ಲ, ಬಾಯಿಂದ, ತೇಗಾಗಿ. (ಆನೆ ಮೆಲುಕು ಹಾಕುವುದಿಲ್ಲ, ಅದರದು ಹಿಂಬಾಗಿಲು. ಅಳೆಯಲು ನನ್ನನ್ನು ಕರೆಯಬೇಡಿ.) ಆದರೆ ಬಲಿತ ಗಂಡು ಕಾಟಿ ಸಾವಿರ ಕಿಲೋ ಮುಟ್ಟಬಹುದು. ಕುಕ್ಕೆ ಹಿಡಿದು ಹೋದ ವೈದ್ಯರಿಗೆ ಮುಂದಿನ ಸಂಚಿಕೆಯಲ್ಲಿ ಶ್ರದ್ಧಾಂಜಲಿಯೇ ಗತಿ. ಅಲ್ಲದೆ 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ದನಗಳು 19 ಕೋಟಿಗೂ ಹೆಚ್ಚು, ಎಮ್ಮೆಗಳು ಸುಮಾರು 11 ಕೋಟಿ. ಇದರ ಮುಂದೆ ಕಾಟಿಗಳ ಲೆಕ್ಕ ಸಾಸಿವೆ ಕಾಳು.

ಭೂಮಿಯ ಮಾತು ಹಾಗಿರಲಿ, ನಿಮ್ಮ ಜೇಬಿನ ಮಾತಿಗೆ ಬರೋಣ. ಹಸು ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲು ಮೀಥೇನ್ ಆಗಿ ಗಾಳಿಗೆ ಹೋಗುತ್ತದೆ. ಬರೀ ಒಣಹುಲ್ಲು ತಿನ್ನಿಸಿದರೆ ತೇಗು ಹೆಚ್ಚು, ಹಾಲು ಕಡಿಮೆ. ಹುಲ್ಲು ಕತ್ತರಿಸಿ ಹಾಕಿ, ಜೊತೆಗೆ ಅಲಸಂದೆ ಅಥವಾ ಕುದುರೆ ಮೆಂತೆ ಕೊಡಿ, ಪಶು ಆಹಾರವನ್ನು ಹಾಲಿನ ಅಳತೆಗೆ ತಕ್ಕಂತೆ ಹಾಕಿ. ಎಣ್ಣೆ ಕೊಟ್ಟರೆ ಮೀಥೇನ್ ಇಳಿಯುತ್ತದೆಂದು ಯಾರೋ ಹೇಳಿದ್ದು ಕೇಳಿ ಲೋಟಗಟ್ಟಲೆ ಕುಡಿಸಬೇಡಿ. ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೇ ಪೆಟ್ಟು, ಹಾಲಿನ ಫ್ಯಾಟೂ ಇಳಿಯುತ್ತದೆ. ತೇಗು ಪೂರ್ತಿ ನಿಲ್ಲಲಿ ಎಂದೂ ಬಯಸಬೇಡಿ. ತೇಗಲಾಗದ ಹಸುವಿಗೆ ಹೊಟ್ಟೆಯುಬ್ಬರ, ಗಂಟೆಗಳಲ್ಲಿ ಪ್ರಾಣಕ್ಕೇ ಕುತ್ತು. ಆಗ ತಕ್ಷಣ ವೈದ್ಯರನ್ನು ಕರೆಯಿರಿ.

ಎಲ್ಲಕ್ಕಿಂತ ದುಬಾರಿ ತೇಗು ಗೊಡ್ಡು ನಿಂತ ಹಸುವಿನದು. ತಿನ್ನುತ್ತದೆ, ತೇಗುತ್ತದೆ, ಕ್ಯಾನಿಗೆ ಒಂದು ತೊಟ್ಟು ಹಾಲಿಲ್ಲ. ಸಭೆ ಮುಗಿದ ಮೇಲೆ ಆ ಹಿರಿಯರ ಕೊಟ್ಟಿಗೆಗೆ ಹೋಗಿದ್ದೆ. ಎರಡನೇ ಹಸು ಕರು ಹಾಕಿ ಹನ್ನೊಂದು ತಿಂಗಳಾದರೂ ಬೆದೆಗೆ ಬಂದಿರಲಿಲ್ಲ, ಪಕ್ಕೆಲುಬು ಎಣಿಸಬಹುದಿತ್ತು. ಮಾರಿಬಿಡುವ ಯೋಚನೆಯಲ್ಲಿದ್ದರು. ಪರೀಕ್ಷಿಸಿ ಜಂತುಹುಳುವಿನ ಔಷಧಿ ಕೊಟ್ಟೆ. ದಿನವೂ ಖನಿಜ ಮಿಶ್ರಣ, ಹಸಿರು ಮೇವು ಹಾಕಲು ಹೇಳಿದೆ. ಎರಡು ತಿಂಗಳಿಗೆ ಬೆದೆಗೆ ಬಂತು, ಕೃತಕ ಗರ್ಭಧಾರಣೆ ಮಾಡಿಸಿದರು. ಮೊನ್ನೆ ತಪಾಸಣೆ ಮಾಡಿದೆ, ಗಬ್ಬ ಕಟ್ಟಿದೆ.

ಕಾಟಿ ಮಾತ್ರ ಈಗಲೂ ಜೋಳಕ್ಕೆ ಬರುತ್ತದಂತೆ.