ಯಂತ್ರದ ಬೀಜಗಣಿತವನ್ನು ತಾಳೆ ನೋಡುವುದು ಹೇಗೆ?



ಅಂಕಿಗಳನ್ನು ಕೂಡಿಸಿ ಗುಣಿಸುವ ಯಂತ್ರಗಳನ್ನು ನೀವೆಲ್ಲರೂ ಬಲ್ಲಿರಿ. ಅಕ್ಷರಗಳನ್ನಿಟ್ಟುಕೊಂಡು ಆವರಣ ಬಿಡಿಸುವ, ಅಪವರ್ತಿಸುವ, ಸಮೀಕರಣ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಮುಗಳೂ ಇವೆ. ಇಂಥ ಪ್ರಯತ್ನಗಳು 1960ರ ದಶಕದಷ್ಟು ಹಳೆಯವು. ‘ಪೈಥಾನ್’ ಭಾಷೆಯಲ್ಲಿ ಬರೆದ ‘ಸಿಂಪೈ’ ಎಂಬುದು ಎಲ್ಲರಿಗೂ ಉಚಿತವಾಗಿ ದೊರೆಯುವ ಅಂಥದೊಂದು ಪ್ರೋಗ್ರಾಮು.

ಕೆಲವು ವರ್ಷಗಳ ಹಿಂದೆ ಒಂದು ಕಿರುಪರೀಕ್ಷೆಯ ಉತ್ತರಗಳನ್ನು ನಾನು ಹಳೆಯ ಕಂಪ್ಯೂಟರಿನಲ್ಲಿ ತಾಳೆ ನೋಡುತ್ತಿದ್ದೆ. ಒಂದು ಲೆಕ್ಕದ ಕೊನೆಯ ಹಂತ ಹೀಗಿತ್ತು:

3/2 ಅ² + 5/2 ಅ²

ಯಂತ್ರ 3ಅ² ಎಂದಿತು. ಒಬ್ಬ ಹುಡುಗಿ 4ಅ² ಎಂದು ಬರೆದಿದ್ದಳು. ಹಂತಗಳನ್ನು ಓದದೆ, ಕೊನೆಯ ಉತ್ತರವನ್ನಷ್ಟೇ ನೋಡಿ, ಕೆಂಪು ಶಾಯಿಯಲ್ಲಿ ತಪ್ಪು ಹಾಕಿಬಿಟ್ಟೆ. ಮರುದಿನ ಅವಳು ಪುಸ್ತಕ ಹಿಡಿದು ಬಂದಳು. “ಮಾಸ್ಟ್ರೇ, ಅ ಇದ್ದಲ್ಲಿ 2 ಹಾಕಿ ನೋಡಿದೆ. 6 ಮತ್ತು 10, ಒಟ್ಟು 16 ಬರುತ್ತದೆ. ನನ್ನ ಉತ್ತರದಲ್ಲೂ 16. ನಿಮ್ಮದರಲ್ಲಿ 12 ಮಾತ್ರ.” ತಪ್ಪು ನನ್ನದೇ ಆಗಿತ್ತು.

ಕಾರಣವೇನು? ಆ ಯಂತ್ರದಲ್ಲಿದ್ದುದು ಪೈಥಾನಿನ 2ನೆಯ ಆವೃತ್ತಿ. ಅದರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷವನ್ನು ಬಿಟ್ಟು ಭಾಗಲಬ್ಧವಷ್ಟೇ ಸಿಗುತ್ತದೆ. 3/2 ಎಂದರೆ 1, 5/2 ಎಂದರೆ 2; ಕೂಡಿದರೆ 3. ಸಿಂಪೈಯ ಕೈಗೆ ಬರುವ ಮೊದಲೇ ಭಿನ್ನರಾಶಿ ಕೆಟ್ಟುಹೋಗಿತ್ತು. 2008ರಲ್ಲಿ ಬಂದ 3ನೆಯ ಆವೃತ್ತಿಯಲ್ಲಿ ಅದೇ ಸಾಲು 4.0 ಅ² ಎಂಬ ಉತ್ತರ ಕೊಡುತ್ತದೆ. ಹಳೆಯ ಆವೃತ್ತಿಯ ಪೋಷಣೆ 2020ರ ಜನವರಿ 1ಕ್ಕೆ ಮುಗಿಯಿತು.

ಹೊಸ ಆವೃತ್ತಿಯಲ್ಲೂ ಎಚ್ಚರ ಬೇಕು. 1/3 ಎಂದು ಬರೆದರೆ 0.333... ಎಂಬ ದಶಾಂಶವಾಗುತ್ತದೆ; ಅದು ಪೂರ್ತಿ ನಿಖರವಲ್ಲ. ಸಿಂಪೈಯ ‘ರ್ಯಾಷನಲ್’ ಎಂಬ ಆದೇಶಕ್ಕೆ 1 ಮತ್ತು 3ನ್ನು ಕೊಟ್ಟರೆ ಭಿನ್ನರಾಶಿಯು ಭಿನ್ನರಾಶಿಯಾಗಿಯೇ ಉಳಿಯುತ್ತದೆ.

ಇನ್ನೊಂದು ದೂರು ನಿಧಾನದ್ದು. ಯಂತ್ರ ತಾಸುಗಟ್ಟಲೆ ಸುಮ್ಮನಿದ್ದರೆ ಅದು ಕೆಟ್ಟಿದೆಯೆಂದು ತಿಳಿಯಬೇಡಿ. (ಅ + ಬ + ಕ)² ಬಿಡಿಸಿದರೆ 6 ಪದಗಳು. ಅದರ 20ನೆಯ ಘಾತಕ್ಕೆ 21 × 22 ÷ 2 = 231 ಪದಗಳು. ನಾಲ್ಕು ಅಕ್ಷರಗಳಾದರೆ 1771! ಹತ್ತು ಸಾಲು, ಹತ್ತು ಕಂಬಗಳಲ್ಲಿ ಬೇರೆ ಬೇರೆ ಅಕ್ಷರಗಳಿರುವ ನಿರ್ಧಾರಕವನ್ನು ಬಿಡಿಸಿದರೆ 36,28,800 ಪದಗಳು. ಲೆಕ್ಕದ ನಡುವೆ ಪದಗಳು ಹೀಗೆ ಉಬ್ಬುವುದೇ ನಿಧಾನಕ್ಕೆ ಮುಖ್ಯ ಕಾರಣ. ಕೊನೆಯ ಉತ್ತರ ಒಂದೇ ಸಾಲಿನದಾದರೂ ದಾರಿ ಬಲು ಉದ್ದವಾಗಿರಬಹುದು.

ಆದ್ದರಿಂದ ಈ ನಾಲ್ಕು ಸೂತ್ರಗಳನ್ನು ನೆನಪಿಡಿರಿ:

1. ಲೆಕ್ಕಕ್ಕೆ ಮೊದಲು ಭಾಷೆಯ ಮತ್ತು ಪ್ರೋಗ್ರಾಮಿನ ಆವೃತ್ತಿಗಳನ್ನು ನೋಡಿ ಬರೆದಿಡಿ.
2. ಅಗತ್ಯವಿಲ್ಲದೆ ಆವರಣಗಳನ್ನು ಬಿಡಿಸಬೇಡಿ.
3. ಅಕ್ಷರದ ಬೆಲೆ ಗೊತ್ತಿದ್ದರೆ ಆದಷ್ಟು ಬೇಗ ಹಾಕಿರಿ.
4. ದೊಡ್ಡ ಲೆಕ್ಕ ನಿಂತರೆ ಅದೇ ಬಗೆಯ ಚಿಕ್ಕದನ್ನು ಮಾಡಿ, ಎಲ್ಲಿ ತಡೆಯುತ್ತದೆಂದು ಹುಡುಕಿರಿ.

ಇವೆಲ್ಲಕ್ಕಿಂತ ಮುಖ್ಯವಾದ ಐದನೆಯ ಸೂತ್ರವನ್ನು ಆ ಹುಡುಗಿಯೇ ನನಗೆ ಕಲಿಸಿದಳು: ಉತ್ತರ ಯಾರೇ ಕೊಡಲಿ, ಒಂದು ಸಣ್ಣ ಸಂಖ್ಯೆ ಹಾಕಿ ತಾಳೆ ನೋಡಿರಿ. ತಾಳೆಯಾಗದಿದ್ದರೆ ಉತ್ತರ ತಪ್ಪೆಂಬುದು ಖಂಡಿತ. ತಾಳೆಯಾದರೆ ಇನ್ನೊಂದು ಸಂಖ್ಯೆಯನ್ನೂ ಹಾಕಿ ನೋಡಿರಿ.

ಅಭ್ಯಾಸ: 7/2 ಅ + 9/2 ಅ ಎಂಬುದಕ್ಕೆ ಆ ಹಳೆಯ ಯಂತ್ರ ಯಾವ ಉತ್ತರ ಕೊಡುತ್ತಿತ್ತು? ಸರಿಯಾದ ಉತ್ತರ ಯಾವುದು? ಅ = 2 ಹಾಕಿ ತೋರಿಸಿರಿ.