ಅವಧಿ ಮುಗಿದ ಡೊಮೈನ್: ಕೊಳ್ಳುವ ಮುನ್ನ ಏನು ನೋಡಬೇಕು?

ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ. ವರ್ಷದ ಲೆಕ್ಕದಲ್ಲಿ ಹಣ ಕಟ್ಟಿ ನಮ್ಮ ಹೆಸರಿಗೆ ಇಟ್ಟುಕೊಳ್ಳುತ್ತೇವೆ, ಅಷ್ಟೆ. ಕಟ್ಟದಿದ್ದರೆ ಅದು ಕೈಬಿಡುತ್ತದೆ. 1999ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ಹಾಟ್‌ಮೇಲ್ ಲಾಗಿನ್‌ಗೆ ಬೇಕಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ನವೀಕರಿಸಲು ಮರೆತು, ಹಾಟ್‌ಮೇಲ್ ಬಳಕೆದಾರರು ಪರದಾಡಿದ್ದರು.

ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಬಿಡುಗಡೆಯಾಗುವುದಿಲ್ಲ. ಹೆಚ್ಚೆಂದರೆ 45 ದಿನ ಅದು ರಿಜಿಸ್ಟ್ರಾರ್ ಬಳಿ, ಅಂದರೆ ಹೆಸರು ನೋಂದಾಯಿಸಿಕೊಟ್ಟ ಕಂಪನಿಯ ಬಳಿ, ಇರುತ್ತದೆ. ಎಷ್ಟೋ ಹೆಸರುಗಳು ಈ ಹಂತದಲ್ಲೇ ಹರಾಜಿಗೆ ಬರುತ್ತವೆ. ಅಲ್ಲಿ ರದ್ದಾದ ಮೇಲೂ 30 ದಿನ ಹಳೆಯ ಮಾಲೀಕರು ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಯಾರಿಗೂ ಸಿಗುವುದಿಲ್ಲ. ಅದೂ ಕಳೆದರೆ ಯಾರು ಬೇಕಾದರೂ ನೋಂದಾಯಿಸಬಹುದು, ಆದರೆ ನೋಂದಣಿ ದಿನಾಂಕ ಹೊಸದಾಗುತ್ತದೆ. ಹಾಗಾಗಿ ದಾಖಲೆಯಲ್ಲಿ ಹೊಸದಾಗಿ ಕಾಣುವ ಹೆಸರಿಗೂ ಹಳೆಯ ಬದುಕೊಂದು ಇರಬಹುದು.

ಜಮೀನು ಕೊಳ್ಳುವಾಗ ಇ.ಸಿ. ತೆಗೆಸಿ ನೋಡುತ್ತೇವಲ್ಲ, ಇಲ್ಲಿ ಆ ಕೆಲಸಕ್ಕೆ ಇರುವುದು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಉಚಿತ. ಹೆಸರು ಟೈಪಿಸಿದರೆ ಮೇಲೆ ವರ್ಷಗಳ ಸಾಲು, ಕೆಳಗೆ ಕ್ಯಾಲೆಂಡರ್, ತಾಣದ ಪ್ರತಿ ಉಳಿಸಿದ ದಿನಗಳ ಮೇಲೆ ಬಣ್ಣದ ಚುಕ್ಕೆ. ನೀಲಿಯಾದರೆ ಪುಟ ಸರಿಯಾಗಿ ತೆರೆದಿತ್ತು; ಹಸಿರಾದರೆ ಬೇರೆ ವಿಳಾಸಕ್ಕೆ ಕಳುಹಿಸುತ್ತಿತ್ತು. ಹಸಿರು ಕಂಡಲ್ಲಿ ಕ್ಲಿಕ್ ಮಾಡಿ, ಎಲ್ಲಿಗೆ ಹೋಗುತ್ತದೆ ನೋಡಿ. ಅದೇ ತಾಣದ ಇನ್ನೊಂದು ಪುಟಕ್ಕೆ ಹೋದರೆ ಚಿಂತೆಯಿಲ್ಲ. ಜೂಜಿನ ತಾಣಕ್ಕೆ ಹೋದರೆ ಆ ಹೆಸರನ್ನು ಬಿಟ್ಟುಬಿಡಿ. ಇತ್ತೀಚಿನ ಪುಟವೊಂದನ್ನೇ ನೋಡಿ ನಿಲ್ಲಿಸಬೇಡಿ, ವರ್ಷಕ್ಕೆ ಎರಡು ಮೂರು ಚುಕ್ಕೆಯಾದರೂ ತೆರೆಯಿರಿ. ಮೊದಲು ಶಾಲೆಯ ತಾಣ, ನಡುವೆ ಖಾಲಿ, ಆಮೇಲೆ ಮತ್ತಾವುದೋ ಭಾಷೆಯಲ್ಲಿ ಲಾಟರಿ ಜಾಹೀರಾತು: ಹೀಗೆ ಕೈ ಬದಲಾದದ್ದು ಆ ನಡುವಿನ ವರ್ಷಗಳಲ್ಲಿ ಮಾತ್ರ ಕಾಣುತ್ತದೆ.

ಮುಂದಿನದು ಕೊಂಡಿಗಳು. ಅಹ್ರೆಫ್ಸ್, ಮೆಜೆಸ್ಟಿಕ್‌ನಂಥ ಸಾಧನಗಳು ಆ ಡೊಮೈನಿಗೆ ಯಾರ್‍ಯಾರು ಲಿಂಕ್ ಕೊಟ್ಟಿದ್ದಾರೆಂದು ತೋರಿಸುತ್ತವೆ. ಡೊಮೈನಿನ ಬಲವೆಂದು ಮಾರುವವರು ದೊಡ್ಡದಾಗಿ ಹೇಳುವ ಅಂಕ ಆ ಕಂಪನಿಗಳ ಸ್ವಂತ ಲೆಕ್ಕ, ಗೂಗಲ್ ಕೊಟ್ಟದ್ದಲ್ಲ. ಅಂಕಕ್ಕಿಂತ ಲಿಂಕಿನ ಮೇಲಿರುವ ಪದಗಳನ್ನು ಓದಿ. ಅಡುಗೆ ತಾಣವೊಂದಕ್ಕೆ ಬಂದ ಲಿಂಕುಗಳಲ್ಲಿ ತಾಣದ ಹೆಸರೋ ತಿಂಡಿಯ ಹೆಸರೋ ಇರುವುದು ಸಹಜ. ಸಾಲದ, ಮಾತ್ರೆಗಳ, ಕ್ಯಾಸಿನೊಗಳ ಹೆಸರೇ ತುಂಬಿದ್ದರೆ ಯಾರೋ ಅದನ್ನು ದುಡಿಸಿಕೊಂಡು ಎಸೆದಿದ್ದಾರೆ.

ಹಳೆಯ ಹೆಸರಿನ ಬಲದಿಂದ ಗೂಗಲ್‌ನಲ್ಲಿ ಮೇಲೆ ಬರಬಹುದೆಂಬ ಆಸೆಯಿದ್ದರೆ ಒಂದು ಮಾತು ತಿಳಿದಿರಲಿ. 2018ರಲ್ಲಿ ಮುಚ್ಚಿದ ಅಮೆರಿಕದ ಮಹಿಳಾ ತಾಣ ‘ದಿ ಹೇರ್‌ಪಿನ್’ ಹೆಸರನ್ನು ಮುಂದೆ ಬೇರೊಬ್ಬರು ಕೊಂಡು, ಎಐ ಬರೆದ ಲೇಖನಗಳನ್ನು ತುಂಬಿದರು. ಲೇಖಕಿಯರು ವರ್ಷಗಟ್ಟಲೆ ದುಡಿದು ಗಳಿಸಿದ ಓದುಗರ ವಿಶ್ವಾಸವನ್ನು ಹೀಗೆ ಬಳಸಿಕೊಂಡದ್ದು ನನಗೆ ಬಹಳ ನೋವಿನ ಸಂಗತಿ. 2024ರ ಮಾರ್ಚ್‌ನಲ್ಲಿ ಗೂಗಲ್, ಹುಡುಕಾಟದಲ್ಲಿ ಮೇಲೇರುವುದಕ್ಕಾಗಿಯೇ ಹಳೆಯ ಡೊಮೈನ್ ಕೊಂಡು ಹುರುಳಿಲ್ಲದ ಬರಹ ತುಂಬುವುದನ್ನು ಸ್ಪ್ಯಾಮ್ ಪಟ್ಟಿಗೆ ಸೇರಿಸಿತು. ಹಳೆಯ ಹೆಸರಿನಲ್ಲಿ ಓದುಗರಿಗೆ ನಿಜಕ್ಕೂ ಉಪಯೋಗವಾಗುವ ಹೊಸ ತಾಣ ಕಟ್ಟಲು ಅಡ್ಡಿಯಿಲ್ಲ.

ಹೆಸರು ಯಾರದಾದರೂ ಟ್ರೇಡ್‌ಮಾರ್ಕ್ ಆಗಿದೆಯೇ ಎಂದು ಸರ್ಕಾರದ ಟ್ರೇಡ್‌ಮಾರ್ಕ್ ತಾಣದಲ್ಲಿ ಹುಡುಕಿ. ಡಾಟ್ ಇನ್ ಹೆಸರುಗಳ ತಕರಾರು, ಅವುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ನಿಯಮದಂತೆ ಮಧ್ಯಸ್ಥಿಕೆಗೆ ಹೋಗಿ ಹೆಸರು ಕೈತಪ್ಪಬಹುದು. ಸ್ಪ್ಯಾಮ್ ಕಳಿಸುವವರನ್ನು ಗುರುತಿಸುವ ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಟ್ಟಿಯಲ್ಲಿದ್ದರೆ ಆ ಹೆಸರಿನಿಂದ ಕಳಿಸಿದ ಇಮೇಲ್ ಎಷ್ಟೋ ಕಡೆ ತಲುಪುವುದಿಲ್ಲ.

ಇಷ್ಟಾದರೂ ಒಂದು ಸಂಗತಿ ಕೊಂಡ ಮೇಲಷ್ಟೇ ಗೊತ್ತಾಗುತ್ತದೆ. ಗೂಗಲ್ ಹಿಂದೆ ದಂಡನೆ ವಿಧಿಸಿದ್ದರೆ ಅದು ಸರ್ಚ್ ಕನ್ಸೋಲ್‌ನಲ್ಲಿ ಮಾಲೀಕರಿಗೆ ಮಾತ್ರ ಕಾಣುತ್ತದೆ. ಆದ್ದರಿಂದ ಹೆಸರು ನಿಮ್ಮದಾದ ದಿನವೇ ಅಲ್ಲಿ ಸೇರಿಸಿ ‘ಮ್ಯಾನುಯಲ್ ಆಕ್ಷನ್ಸ್’ ಪುಟ ತೆರೆಯಿರಿ. ದಂಡನೆ ಕಂಡರೆ ಹಳೆಯ ಕಸ ತೆಗೆದು, ಮಾಲೀಕರು ಬದಲಾಗಿದ್ದಾರೆಂದು ವಿವರಿಸಿ, ಮರುಪರಿಶೀಲನೆಗೆ ಅಲ್ಲಿಂದಲೇ ಅರ್ಜಿ ಹಾಕಬಹುದು.