ಅಂಗಡಿಗೆ ಕಳ್ಳ ನುಗ್ಗಿದರೆ

ಬೆಳಿಗ್ಗೆ ಬಂದು ನೋಡಿದರೆ ಷಟರ್ ಮೀಟಿದೆ, ಗಲ್ಲಾಪೆಟ್ಟಿಗೆ ಖಾಲಿ. ಕೈಕಾಲೇ ಆಡದ ಹೊತ್ತು ಅದು. ಆದರೂ ಒಳಗೆ ಕಾಲಿಡಬೇಡಿ, ಮುರಿದ ಬೀಗ ಮುಟ್ಟಬೇಡಿ, ಬೆರಳಚ್ಚು ಅಳಿಸಿಹೋದೀತು. ಮೊದಲು 112ಕ್ಕೆ ಕರೆ ಮಾಡಿ. ಸಿಸಿಟಿವಿ ದೃಶ್ಯ ತಾನಾಗಿ ಅಳಿಯುವ ಮುನ್ನ ಬೇರೆಡೆ ಉಳಿಸಿಡಿ.

ದೂರಿನ ಜೊತೆ ಕಳುವಾದ ಮಾಲಿನ ಪಟ್ಟಿ, ಖರೀದಿ ಬಿಲ್ಲು, ಮೊಬೈಲ್ ಹೋಗಿದ್ದರೆ ಐಎಂಇಐ ಸಂಖ್ಯೆ ಇರಲಿ. ‘ಸಣ್ಣ ಮೊತ್ತ, ಬಿಟ್ಟುಬಿಡಿ’ ಎಂದು ಯಾರೇ ಅಂದರೂ ಹಿಂದೆ ಸರಿಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸುವುದೂ ಪೊಲೀಸರ ಹೊಣೆ.

ಆದರೆ ಠಾಣೆಯ ಪರಿಚಯ ಕಳ್ಳತನದ ಮರುದಿನ ಶುರುವಾಗಬಾರದು. ನಿಮ್ಮ ಬೀಟ್ ಪೊಲೀಸರ ಹೆಸರು, ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಅದಕ್ಕಾಗಿ ಪುಕ್ಕಟೆ ಸಾಮಾನು ಕೊಡಬೇಕಿಲ್ಲ, ಮರ್ಯಾದೆಯ ಮಾತು ಸಾಕು. ಅಕ್ಕಪಕ್ಕದ ಅಂಗಡಿಯವರನ್ನೂ ಜೊತೆಗೆ ಕರೆದುಕೊಂಡು, ರಾತ್ರಿ ಗಸ್ತು ಹೆಚ್ಚಿಸಿ ಎಂದು ಬರೆದೇ ಕೇಳಿ. ಒಬ್ಬರ ಅರ್ಜಿಗಿಂತ ಇಡೀ ಬೀದಿಯ ಅರ್ಜಿಗೆ ತೂಕ ಜಾಸ್ತಿ.